ಹಿತ್ತಲಿನ ರೈಲು: ಮಹಾಸಭೆಗೆ ಮುನ್ನ ಕೆಲವು ಮಾತು



ಕಳೆದ ತಿಂಗಳು ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಮಂಡಿಸಿದ ಒಂದು ಚಿಕ್ಕ ಸೂಚನೆ ಈಗ ಚಹಾದಂಗಡಿಗಳಲ್ಲಿಯೂ ಚರ್ಚೆಗೆ ಬಂದಿದೆಯೆಂದು ತಿಳಿಯಿತು. ನಮ್ಮ ಹಳೆಯ ಗೋದಾಮಿನ ಹಿಂದೆ ಅಡಿಕೆ ಒಣಗಿಸುವ ಅಂಗಳವೊಂದು ಬಳಕೆಯಿಲ್ಲದೆ ಬಿದ್ದಿದೆ. ಅಲ್ಲಿ ಸದಸ್ಯರ ಮಕ್ಕಳ ಕೈಯಿಂದಲೇ ಒಂದು ಕಿರು ರೈಲುದಾರಿಯನ್ನು ಕಟ್ಟಿಸೋಣ ಎಂಬುದು ಆ ಸೂಚನೆ. ಅಂದಾಜು ವೆಚ್ಚ 40,000 ರೂಪಾಯಿ. ಅದರಲ್ಲಿ 25,000 ರೂಪಾಯಿ ಜನಹಿತ ನಿಧಿಯಿಂದ ಬರಬೇಕೆಂದು ಕೇಳಿದ್ದೇನೆ. ಉಳಿದ ಹಣ ಎಲ್ಲಿಂದ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

"ತೋಟಕ್ಕೆ ಎಲೆಚುಕ್ಕಿ ಬಿದ್ದಿದೆ, ಕಾರ್ಯದರ್ಶಿಗಳಿಗೆ ರೈಲಾಟ ಬೇಕಾಗಿದೆ" ಎಂದು ಹಿರಿಯ ಸದಸ್ಯರೊಬ್ಬರು ಸಭೆಯಲ್ಲಿ ಹೇಳಿದರು. ಅವರ ಮಾತಿನಲ್ಲಿ ನನಗೆ ಕೋಪ ಕಾಣಲಿಲ್ಲ, ನೋವು ಕಂಡಿತು. ಅವರ ತೋಟವನ್ನು ನಾನು ನೋಡಿದ್ದೇನೆ. ಆದ್ದರಿಂದ ಅವರಿಗೆ ನಗೆಯಾಡಿ ಉತ್ತರ ಕೊಡುವಂತಿಲ್ಲ. ವಿಷಯ ಈಗ ಮಹಾಸಭೆಯ ಮುಂದೆ ಬರಲಿರುವುದರಿಂದ, ಈ ಯೋಚನೆ ನನ್ನ ತಲೆಗೆ ಹೇಗೆ ಬಂತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುವುದು ನನ್ನ ಕರ್ತವ್ಯ.

ನಿಮ್ಮಲ್ಲಿ ಹಲವರಿಗೆ ತಿಳಿದಂತೆ ನಾನು ಹುಟ್ಟಿದ್ದು ಮಲೆನಾಡಿನಲ್ಲಲ್ಲ. ಕೃಷ್ಣಾ ನದಿಯ ದಂಡೆಯ ಹಿಪ್ಪರಗಿಯಲ್ಲಿ. ಒಂದು ಕಡೆ ಜಮಖಂಡಿ, ಇನ್ನೊಂದು ಕಡೆ ನೇಕಾರರ ರಬಕವಿ-ಬನಹಟ್ಟಿ. ಎರೆಮಣ್ಣಿನ ಹೊಲ, ಕಬ್ಬಿನ ಬೆಳೆ. ಈಗ ನದಿಗೆ ಅಡ್ಡಲಾಗಿ ಕಟ್ಟಿರುವ ಬ್ಯಾರೇಜಿನಿಂದಾಗಿ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿದ ಮೇಲೆ ಮಾವನವರ ತೋಟ ನೋಡಿಕೊಳ್ಳಲು ನಾನು ಈ ಕಡೆ ಬಂದೆ. ಅಣ್ಣ ಊರಲ್ಲೇ ಉಳಿದರು, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದರು.

ನಾವು ಚಿಕ್ಕವರಿದ್ದಾಗ ರೈಲು ನೋಡಬೇಕೆಂದರೆ ಕುಡಚಿಗೆ ಹೋಗಬೇಕಿತ್ತು. ಜಮಖಂಡಿಯ ಗಡಿಯಾರದ ಅಂಗಡಿಯೊಂದರಲ್ಲಿ ಸ್ವಿಟ್ಜರ್ಲೆಂಡಿನ ಚಿತ್ರವಿದ್ದ ಕ್ಯಾಲೆಂಡರು ತೂಗುಹಾಕಿದ್ದರು. ಎತ್ತರದ ಕಲ್ಲಿನ ಕಮಾನು ಸೇತುವೆ, ಅದರ ಮೇಲೆ ಕೆಂಪು ರೈಲು, ಸೇತುವೆ ಮುಗಿದಲ್ಲಿಯೇ ಬಂಡೆಯೊಳಗೆ ಸುರಂಗ. ವರ್ಷ ಮುಗಿದ ಮೇಲೆ ಅಣ್ಣ ಆ ಹಾಳೆಯನ್ನು ಬೇಡಿ ತಂದು ತನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ. ಅದು ಆಲ್ಬುಲಾ ಮಾರ್ಗದ ಲಾಂಡ್‌ವಾಸರ್ ಸೇತುವೆಯೆಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. 1902ರಲ್ಲಿ ಕಟ್ಟಿ ಮುಗಿಸಿದ ಆ ಸೇತುವೆಗೆ ಆರು ಕಮಾನು, 65 ಮೀಟರ್ ಎತ್ತರ, 136 ಮೀಟರ್ ಉದ್ದ. 2008ರಲ್ಲಿ ಆ ಮಾರ್ಗ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಿವೃತ್ತಿಯಾದ ವರ್ಷ ಅಣ್ಣ ನನಗೆ ಫೋನು ಮಾಡಿ, ಹಿತ್ತಲಿನಲ್ಲಿ ಅಂಥದೊಂದು ಕಿರು ರೈಲುದಾರಿ ಕಟ್ಟಬೇಕೆಂದಿದ್ದೇನೆ, 15,000 ರೂಪಾಯಿ ಕೈಗಡ ಕೊಡುತ್ತೀಯಾ ಎಂದು ಕೇಳಿದರು. "ಈ ವಯಸ್ಸಿನಲ್ಲಿ ಅದೇನು ಹುಡುಗಾಟ, ಅಣ್ಣಾ? ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ನಾನೇ ಕಂಗಾಲಾಗಿದ್ದೇನೆ" ಎಂದೆ. ರೋಗ ಬಂದದ್ದು ನಿಜ. ಆದರೆ ಅಷ್ಟು ಹಣ ಕೊಡಲಾಗದ ಸ್ಥಿತಿಯಲ್ಲೇನೂ ನಾನಿರಲಿಲ್ಲ. ಅಣ್ಣ ಮತ್ತೆ ಆ ಮಾತೆತ್ತಲಿಲ್ಲ.

ಈ ವರ್ಷ ಯುಗಾದಿಗೆ ಊರಿಗೆ ಹೋದಾಗ ಹಿತ್ತಲ ಬಾಗಿಲು ತೆರೆದು ನಿಂತೆ. ನುಗ್ಗೆಮರದ ಬುಡದಿಂದ ಬಾವಿಕಟ್ಟೆಯನ್ನು ಸುತ್ತಿ, ಹಳೆಯ ದನದ ಕೊಟ್ಟಿಗೆಯ ಗೋಡೆಯನ್ನು ತೂರಿ ಹಳಿ ಹೋಗಿತ್ತು. ನಡುವೆ ಲೋಕಾಪುರದ ಕಡೆಯ ಸುಣ್ಣದ ಕಲ್ಲಿನ ಚೂರುಗಳಿಂದ ಕಟ್ಟಿದ ಆರು ಕಮಾನಿನ ಸೇತುವೆ. ನಾನು ಮಾತಿಲ್ಲದೆ ನಿಂತದ್ದನ್ನು ಕಂಡು ಅಣ್ಣ ನಕ್ಕರು. "ತಮ್ಮಾ, ರೈಲು ನಮ್ಮೂರಿಗೆ ಬರಾಕ ಒಲ್ಲೆ ಅಂತೈತಿ. ಅದಕ್ಕ ನಾನ ಹಿತ್ತಲಕ್ಕ ಕರಕೊಂಡು ಬಂದೆ."

ಇದು ಅಂಗಡಿಯಿಂದ ತಂದ ಆಟಿಕೆಯಲ್ಲ ಎಂಬುದನ್ನು ಸದಸ್ಯರು ದಯವಿಟ್ಟು ಗಮನಿಸಬೇಕು. ತೋಟದ ರೈಲಿನ ಹವ್ಯಾಸ ಯುರೋಪಿನಲ್ಲಿ ದೊಡ್ಡದು. ಜರ್ಮನಿಯ ನ್ಯೂರೆಂಬರ್ಗಿನ ಲೇಮಾನ್ ಸಂಸ್ಥೆ 1968ರಲ್ಲಿ 45 ಮಿ.ಮೀ. ಅಗಲದ ಹಳಿಯ ರೈಲನ್ನು ಇದಕ್ಕೆಂದೇ ಮಾರುಕಟ್ಟೆಗೆ ತಂದಿತು. ನಿಜವಾದ ರೈಲಿನ 22.5ನೆಯ ಒಂದು ಪಾಲು ಅದರ ಅಳತೆ. 45ನ್ನು 22.5ರಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದು ಮೀಟರ್ ಬರುತ್ತದೆ. ಅಂದರೆ ಅದು ಮೀಟರ್ ಗೇಜಿನ ಪಡಿಯಚ್ಚು. ಸ್ವಿಟ್ಜರ್ಲೆಂಡಿನ ಆ ಕೆಂಪು ರೈಲು ಮೀಟರ್ ಗೇಜಿನದು. ಬಾಗಲಕೋಟೆಯ ಮೇಲೆ ಹಾಯುವ ಗದಗ–ಹೊಟಗಿ ಮಾರ್ಗವೂ ಮೊದಲು ಮೀಟರ್ ಗೇಜೇ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗವೂ 1979ರಲ್ಲಿ ತೆರೆದಾಗ ಮೀಟರ್ ಗೇಜೇ ಆಗಿತ್ತು.

ವಿದೇಶದ ಗಾಡಿ ತರಿಸುವ ಶಕ್ತಿ ಅಣ್ಣನಿಗಿರಲಿಲ್ಲ. ಅಳತೆಯನ್ನು ಮಾತ್ರ ಅಲ್ಲಿಂದ ತೆಗೆದುಕೊಂಡರು. ಕಬ್ಬಿಣದ ಪಟ್ಟಿಯೇ ಹಳಿ, ಜಾಲಿಮರದ ತುಂಡುಗಳೇ ಸ್ಲೀಪರು. ಗಾಲಿಗಳನ್ನು ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುವವರೊಬ್ಬರು ಲೇತಿನಲ್ಲಿ ಕಡೆದುಕೊಟ್ಟರು. 12 ವೋಲ್ಟಿನ ಚಿಕ್ಕ ಮೋಟಾರು, ಹಿಂದಿನ ಡಬ್ಬಿಯಲ್ಲಿ ಬ್ಯಾಟರಿ. ತಗಡಿನ ಮೈಗೆ ಕೆಂಪು ಬಣ್ಣ. ಓಣಿಯ ಏಳೆಂಟು ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದು ಕೈಗೂಡಿಸಿದರು. ಮೂರು ವರ್ಷದ ಕೆಲಸ.

ಈ ಮೂರು ವರ್ಷದಲ್ಲಿ ಆ ಮಕ್ಕಳು ಕಲಿತದ್ದನ್ನು ನೋಡಿ ನಾನು ಬೆರಗಾದೆ. ಮೊದಲ ವರ್ಷ ಎರೆಮಣ್ಣಿನ ಮೇಲೆ ನೇರವಾಗಿ ಹಳಿ ಹಾಸಿದ್ದರಂತೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊತ್ತಿಗೆ ದಾರಿಯೆಲ್ಲ ಹಾವಿನಂತೆ ಡೊಂಕಾಯಿತು. ಆಗ ಒಂದೂವರೆ ಅಡಿ ಮಣ್ಣು ತೆಗೆದು, ಗರಸು ತುಂಬಿ ದಮ್ಮಸು ಮಾಡಿ, ಮೇಲೆ ಜಲ್ಲಿ ಹಾಕಿ, ಪಕ್ಕದಲ್ಲಿ ನೀರು ಬಸಿಯಲು ಕಾಲುವೆ ತೋಡಿದರು. ಮರುವರ್ಷ ಹಳಿಯೇ ಕಾವಿಗೆ ಬೆಳೆದು ಮೇಲೆದ್ದಿತು. 10 ಮೀಟರ್ ಉದ್ದದ ಕಬ್ಬಿಣ 30 ಡಿಗ್ರಿ ಕಾವೇರಿದರೆ ಸುಮಾರು ಮೂರೂವರೆ ಮಿ.ಮೀ. ಉದ್ದವಾಗುತ್ತದೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದ್ದ ಮಕ್ಕಳು ಅದನ್ನು ಕಣ್ಣಾರೆ ಕಂಡದ್ದು ಅಲ್ಲಿ. ಆಮೇಲೆ ಜೋಡಣೆಗಳಲ್ಲಿ ಸಂದು ಬಿಟ್ಟರು. ನೇಕಾರರ ಮನೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನಗೇ ಪಾಠ ಹೇಳಿದಳು: "ಕಾಕಾ, ಏರು ನೂರಕ್ಕ ಮೂರು ದಾಟಿದ್ರ ನಮ್ಮ ಗಾಡಿ ಜಾರತೈತ್ರಿ."

ಲಾಂಡ್‌ವಾಸರ್ ಸೇತುವೆಯನ್ನು ನಿಜವಾದ ಅಳತೆಗೆ ಇಳಿಸಿದರೆ ಎಷ್ಟು ಎತ್ತರವಾಗುತ್ತದೆ ಎಂದು ಅವಳನ್ನೇ ಕೇಳಿದೆ. 65 ಮೀಟರನ್ನು 22.5ರಿಂದ ಭಾಗಿಸಿ, ಎರಡು ಮೀಟರ್ ತೊಂಬತ್ತು ಸೆಂಟಿಮೀಟರ್ ಎಂದಳು. ಕೊಟ್ಟಿಗೆಯ ಸೂರಿಗಿಂತ ಎತ್ತರ! ಅದಕ್ಕೇ ಅಣ್ಣ ಸೊಂಟದೆತ್ತರಕ್ಕೆ ನಿಲ್ಲಿಸಿದ್ದಾರೆ.

ಇನ್ನೊಂದು ಮಾತು. 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲುಮಾರ್ಗ ಮಂಜೂರಾದದ್ದು 2010-11ರಲ್ಲಿ. ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಮೊದಲು ಸಿದ್ಧವಾಯಿತು. ಆ ಭಾಗದ ಜನ ಧರಣಿ ಕೂತರು, ಮನವಿ ಕೊಟ್ಟರು. ಇಷ್ಟು ವರ್ಷ ಕಳೆದರೂ ಇಡೀ ಮಾರ್ಗದಲ್ಲಿ ಇನ್ನೂ ರೈಲು ಓಡಿಲ್ಲ. ಕಬ್ಬು, ಬೆಲ್ಲ, ಅರಿಸಿನ, ಸೀರೆ ಎಲ್ಲವೂ ಲಾರಿಯ ಮೇಲೆಯೇ ಹೋಗಬೇಕು. ಅಣ್ಣನ ಹಿತ್ತಲಿಗೆ ಬರುವ ಮಕ್ಕಳು ಈಗ ಈ ಸುದ್ದಿಯನ್ನು ಪತ್ರಿಕೆಯಲ್ಲಿ ಹುಡುಕಿ ಓದುತ್ತಾರೆ. ಭೂಸ್ವಾಧೀನವೆಂದರೇನು, ಒಂದು ಸೇತುವೆಗೆ ಯಾಕೆ ಇಷ್ಟು ದಿನ ಹಿಡಿಯುತ್ತದೆ ಎಂದು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳಬಲ್ಲ ನಾಗರಿಕರು ತಯಾರಾಗುವುದು ಹೀಗೆ.

ಇದಕ್ಕೂ ಕಾಫಿ-ಅಡಿಕೆಗೂ ಏನು ಸಂಬಂಧವೆಂದು ಕೇಳಬಹುದು. ಇಳಿಜಾರು, ಬಸಿಗಾಲುವೆ, ಮಣ್ಣಿನ ಗುಣ: ನಮ್ಮ ಕಸುಬೆಲ್ಲ ಈ ಮೂರರ ಮೇಲೆಯೇ ನಿಂತಿದೆ. 57 ಸುರಂಗಗಳಿರುವ ನಮ್ಮ ಘಟ್ಟದ ಮಾರ್ಗದಲ್ಲಿ ಏರು 50ಕ್ಕೆ 1. 2018ರ ಆಗಸ್ಟಿನ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿದು ರೈಲು ನಿಂತದ್ದು ನಮಗೆಲ್ಲ ನೆನಪಿದೆ. ಅದೇ ಮಳೆಯಲ್ಲಿ ಎಷ್ಟೋ ತೋಟಗಳೂ ಜಾರಿದವು. ನೀರಿಗೆ ದಾರಿ ಕೊಡದಿದ್ದರೆ ಗುಡ್ಡ ತಾನೇ ದಾರಿ ಮಾಡಿಕೊಳ್ಳುತ್ತದೆ ಎಂಬುದನ್ನು ಹುಡುಗರಿಗೆ ಭಾಷಣದಿಂದ ಕಲಿಸಲಾಗದು. ನೀಲಗಿರಿಯ ಬೆಟ್ಟದ ರೈಲು 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತಿತು. ಅದು ಹತ್ತಿದ್ದು ಸ್ವಿಟ್ಜರ್ಲೆಂಡಿನ ಆಬ್ಟ್ ಎಂಬಾತ ರೂಪಿಸಿದ ಹಲ್ಲುಹಳಿಯಿಂದ. ಆಮೇಲೆ ಅದಕ್ಕೆ ಎಂಜಿನುಗಳು ಬಂದದ್ದೂ ಆ ದೇಶದ ವಿಂಟರ್‌ಥೂರ್ ಪಟ್ಟಣದಿಂದಲೇ. ಬೆಟ್ಟದ ನಾಡಿನವರ ವಿದ್ಯೆ ಬೆಟ್ಟದ ನಾಡಿನವರಿಗೆ ಉಪಯೋಗಕ್ಕೆ ಬಂದ ಕಥೆ ಇದು.

ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಪುಣೆಯ ಕೋಥರೂಡಿನಲ್ಲಿ ಜೋಶಿಯವರ ಕಿರು ರೈಲು ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅಲ್ಲಿಗೆ ನಮ್ಮ ಮಕ್ಕಳನ್ನು ಪ್ರವಾಸ ಕರೆದೊಯ್ದರೆ ಸಾಲದೆ ಎಂದು ನಿರ್ದೇಶಕರೊಬ್ಬರು ಕೇಳಿದರು. ಕರೆದೊಯ್ಯೋಣ, ಆದರೆ ನೋಡುವುದು ಬೇರೆ, ಕೆಟ್ಟದ್ದನ್ನು ಬಿಚ್ಚಿ ಮತ್ತೆ ಜೋಡಿಸುವುದು ಬೇರೆ.

ಈಗ ಆ ಹಿರಿಯ ಸದಸ್ಯರ ಮಾತಿಗೆ ಬರುತ್ತೇನೆ. 25,000 ರೂಪಾಯಿಯನ್ನು ಔಷಧಿ ಸಿಂಪಡಣೆಗೆ ಕೊಡಬಾರದೆ? ನಮ್ಮ ಸಂಘದ ಸದಸ್ಯರೆಲ್ಲರಿಗೂ ಹಂಚಿದರೆ ತಲೆಗೆ ಒಂದು ಡಬ್ಬಿ ಔಷಧಿಯ ಬೆಲೆಯೂ ಬಾರದು. ರೋಗಕ್ಕೆ ಸರ್ಕಾರ, ವಿಜ್ಞಾನಿಗಳು, ನಾವು ಕೂಡಿ ದೊಡ್ಡ ಪ್ರಮಾಣದಲ್ಲಿಯೇ ಹೋರಾಡಬೇಕು. ಅದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಿರೆಂದು ನಾನು ಹೇಳುತ್ತಿಲ್ಲ. ಆದರೆ ತೋಟ ಉಳಿಸಿ ಯಾರ ಕೈಗೆ ಕೊಡುತ್ತೇವೆ ಎಂಬ ಪ್ರಶ್ನೆಯೂ ಇದೆಯಲ್ಲ?

ನನ್ನ ಮಗ ಬೆಂಗಳೂರಿಗೆ ಹೋಗಿ ಆರು ವರ್ಷವಾಯಿತು. ಹೋಗುವ ದಿನ ಅವನು ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ: "ಅಪ್ಪಾ, ಈ ಮನೆಯಲ್ಲಿ ಧಾರಣೆ ಬಿಟ್ಟು ಬೇರೆ ಮಾತೇ ಇಲ್ಲ." ಅವನು ಚಿಕ್ಕವನಿದ್ದಾಗ ಪಂಪಿನ ಮೋಟಾರು ಬಿಚ್ಚಿ ನೋಡುತ್ತಿದ್ದ. ನಾನು ಗದರಿಸಿ ಎಬ್ಬಿಸುತ್ತಿದ್ದೆ. ನಮ್ಮ ಊರುಗಳಿಂದ ಹುಡುಗರು ಹೋಗುವುದಕ್ಕೆ ಆದಾಯವೊಂದೇ ಕಾರಣವಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಕೈಗೂ ಬುದ್ಧಿಗೂ ಕೆಲಸವಿರುವ ಒಂದು ಜಾಗವನ್ನು ನಾವು ಅವರಿಗೆ ಕೊಟ್ಟಿಲ್ಲ.

ಆದ್ದರಿಂದ ಮಹಾಸಭೆಯಲ್ಲಿ ನನ್ನ ಸೂಚನೆ ಇಷ್ಟೇ. ವಿದೇಶದ ಯಾವ ಸಾಮಾನನ್ನೂ ತರಿಸಬಾರದು. ಗಾರೆ, ಮರಗೆಲಸ, ಲೇತು ಎಲ್ಲವೂ ಊರಿನವರದೇ ಆಗಬೇಕು. ಕೂಲಿಕಾರರ ಮಕ್ಕಳಿಗೂ ಸದಸ್ಯರ ಮಕ್ಕಳಷ್ಟೇ ಪ್ರವೇಶವಿರಬೇಕು. ಎರಡು ವರ್ಷ ನೋಡಿ, ಪ್ರಯೋಜನ ಕಾಣದಿದ್ದರೆ ಅಂಗಳವನ್ನು ಮತ್ತೆ ಅಡಿಕೆ ಹರವಲು ಬಿಟ್ಟುಕೊಡೋಣ. ಲೆಕ್ಕಪತ್ರವನ್ನು ಈ ಪತ್ರಿಕೆಯಲ್ಲೇ ಪ್ರಕಟಿಸುತ್ತೇನೆ.

ಉಳಿದ 15,000 ರೂಪಾಯಿಯನ್ನು ನಾನು ಕೊಡುತ್ತೇನೆ. ಯುಗಾದಿಯಂದು ಅಣ್ಣನ ಮುಂದೆ ಆ ಹಣ ಇಟ್ಟೆ. ಅವರು ಮುಟ್ಟಲಿಲ್ಲ. "ನಂದು ಮುಗೀತು, ತಮ್ಮಾ. ನಿಮ್ಮೂರಾಗೂ ಹುಡುಗರು ಅದಾರಲ್ಲ" ಎಂದು ಹೇಳಿ, ಗಾಡಿಗೆ ಬ್ಯಾಟರಿ ಜೋಡಿಸಲು ಎದ್ದುಹೋದರು.