ನೇಯ್ದವರು ನಾವು, ಚೀಟಿಯೂ ನಾವೇ ಬರೀಬೇಕು



ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಇವತ್ತು ಕಬನೂರಿನ ಓಣಿಯೊಳಗ ಹೊಂಟರೂ ಮಗ್ಗದ ಸಪ್ಪಳ ಕೇಳತೈತಿ. ಇಷ್ಟು ವರ್ಷ ಈ ಭಾಗದ ಬಟ್ಟೆ ದೇಶದ ಮೂಲೆ ಮೂಲೆಗೆ ಹೋಗೇತಿ. ಆದರೆ ಆ ಬಟ್ಟೆ ಕೊಂಡವರಿಗೆ ಕಬನೂರ ಅನ್ನೋ ಊರಿನ ಹೆಸರು ಗೊತ್ತಿಲ್ಲ. ಯಾಕಂದ್ರೆ ನೂಲು ಕೊಡುವವರು ಒಬ್ಬರು, ಪಿಕ್ ಲೆಕ್ಕದ ಮಜೂರಿಗೆ ನೇಯುವವರು ನಾವು, ಬಣ್ಣ ಹಾಕಿ ಮಡಚಿ ಚೀಟಿ ಹಚ್ಚುವವರು ಮತ್ತೊಬ್ಬರು. ಚೀಟಿ ಹಚ್ಚಿದವರದೇ ಹೆಸರು, ಅವರದೇ ಲಾಭ.

ಈಗ ಆ ಚೀಟಿ ಮೊಬೈಲಿಗೆ ಬಂದೈತಿ. ಆನ್‌ಲೈನ್ ಅಂಗಡಿಯಲ್ಲಿ ‘ಉತ್ಪನ್ನ ಸೇರಿಸಿ’ ಅಂತ ಒತ್ತಿದಾಗ ತೆರೆಯುವ ಖಾಲಿ ಪುಟವೇ ಆ ಚೀಟಿ. ಅದನ್ನು ನಮ್ಮ ಹುಡುಗರು, ಹುಡುಗಿಯರು ತುಂಬಬೇಕು. ಕನ್ನಡದಾಗೂ ತುಂಬಬೇಕು. ಇದು ನಮ್ಮ ಮಾತು.

ಹೆಸರಿನಿಂದ ಏನಾಗ್ತದ ಅನ್ನುವವರು 2025ರ ಜೂನ್ ತಿಂಗಳು ನೆನಪು ಮಾಡಿಕೊಳ್ರಿ. ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿ, ಬರೀ ‘ಚರ್ಮದ ಚಪ್ಪಲಿ’ ಅಂತ ಕರೆದಿತ್ತು. ಗದ್ದಲ ಆದ ಮ್ಯಾಲೆ, ಪ್ರೇರಣೆ ಭಾರತದ ಚಪ್ಪಲಿಯದೇ ಅಂತ ಒಪ್ಪಿಕೊಂಡಿತು. ಆ ಚಪ್ಪಲಿಗೆ ಜಿಐ ಗುರುತು ಐತಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹೀಗೆ ಎಂಟೂ ಜಿಲ್ಲೆಗೆ ಸೇರಿದ ಗುರುತು ಅದು. ಹೆಸರು ದಾಖಲಾಗಿತ್ತು, ಅದಕ್ಕೇ ಕೇಳುವವರ ಕೈಯಾಗ ಆಧಾರ ಇತ್ತು. ನಮ್ಮ ಬಟ್ಟೆಗೆ ಅಂಥ ಆಧಾರ ಎಲ್ಲೈತಿ?

ಇನ್ನು ಭಾಷೆ. 2020ರಿಂದ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಸಿಗ್ತಾವ. ಆದರೆ ಮಾರುವವರು ಬರೀ ಇಂಗ್ಲಿಷಿನಲ್ಲಿ ‘ಸಾರಿ ವಿತ್ ಬಾರ್ಡರ್’ ಅಂತ ಹಾಕಿ ಕೈ ತೊಳಕೊಂಡರೆ, ಅನುವಾದದ ಯಂತ್ರ ಅದನ್ನ ‘ಗಡಿ ಇರುವ ಸೀರೆ’ ಅಂತ ಮಾಡಿದರೂ ಆಶ್ಚರ್ಯ ಇಲ್ಲ. ಗಡಿ ನಮ್ಮ ಬದುಕಿಗೇ ಸಾಕಾಗೇತಿ, ಸೀರೆಗೂ ಯಾಕ? ದಡಿ ಅಂತ ಬರೀರಿ. ಸೆರಗು, ಒಡಲು, ಖಣ, ಧೋತರ ಅಂತ ಬರೀರಿ. ಮರಾಠಿ ಗಿರಾಕಿಗೆ ಕಾಠ, ಪದರ ಅಂತನೂ ಸೇರಿಸ್ರಿ. ಎರಡೂ ಭಾಷೆ ಮನೆಯಾಗೇ ಕಲಿತವರು ನಾವು. ದೂರದ ದೊಡ್ಡ ಅಂಗಡಿಯವರಿಗೆ ಈ ಬಲ ಇಲ್ಲ.

ಬರೆಯುವಾಗ ಸುಳ್ಳು ಬೇಡ. ವಿದ್ಯುತ್ ಮಗ್ಗದ ಬಟ್ಟೆಗೆ ‘ಕೈಮಗ್ಗ’ ಅಂತ ಹಾಕಬ್ಯಾಡ್ರಿ. ಇಳಕಲ್ ನಮೂನೆಯ ದಡಿ ನೇಯ್ದು ‘ಇಳಕಲ್ ಸೀರೆ’ ಅಂತ ಮಾರಬ್ಯಾಡ್ರಿ. ಅದಕ್ಕೂ ಜಿಐ ಐತಿ, ಮೇಲಾಗಿ ಅದನ್ನು ಕೈಯಿಂದ ನೇಯುವವರ ಹೊಟ್ಟೆ ಮ್ಯಾಲೆ ಹೊಡದಂಗ ಆಗತೈತಿ. ಉದ್ದ ಎಷ್ಟು ಮೀಟರ್, ಖಣ ಅದರಾಗ ಸೇರೈತೋ ಇಲ್ಲೋ, ಬಣ್ಣ ಬಿಡತೈತೋ ಇಲ್ಲೋ, ಎಲ್ಲಾ ಸ್ಪಷ್ಟ ಇರಲಿ. ಫೋಟೊ ಹಗಲು ಬೆಳಕಿನಾಗ ತೆಗೀರಿ. ಫೋಟೊದಾಗ ಒಂದು ಬಣ್ಣ, ಪಾರ್ಸಲ್‌ನಾಗ ಇನ್ನೊಂದು ಬಣ್ಣ ಆದರೆ ಬಟ್ಟೆ ವಾಪಸ್ ಬರತೈತಿ, ಸಾಗಣೆ ಖರ್ಚೂ ಮೈಮೇಲೆ ಬರಬಹುದು.

ಸೇರಿಸೋದಕ್ಕಿಂತ ನಿಭಾಯಿಸೋದು ಕಷ್ಟ. ಒಂದೇ ನಮೂನೆ ಮೂರು ಬಣ್ಣದಾಗ ಇದ್ದರೆ ಮೂರು ಬೇರೆ ಉತ್ಪನ್ನ ಮಾಡಬ್ಯಾಡ್ರಿ. ಒಂದೇ ಉತ್ಪನ್ನದ ಕೆಳಗ ಮೂರು ಆಯ್ಕೆ ಇಟ್ಟು, ಒಂದೊಂದಕ್ಕೂ ಒಂದು ಕೋಡ್ ಕೊಡ್ರಿ. ಸಂತ್ಯಾಗ ಎರಡು ಸೀರೆ ಮಾರಿದರೆ ಅವತ್ತೇ ಸಂಜೆ ಆನ್‌ಲೈನ್ ಸ್ಟಾಕಿನಾಗೂ ಎರಡು ಕಡಿಮೆ ಮಾಡ್ರಿ. ಇಲ್ಲದ ಮಾಲಿಗೆ ಆರ್ಡರ್ ತಗೊಂಡು ರದ್ದು ಮಾಡಿದರೆ ಗಿರಾಕಿ ಮತ್ತೆ ಬರೂದಿಲ್ಲ. ಬೆಲೆ ಹಾಕುವಾಗ ನೂಲು, ಮಜೂರಿ, ಪ್ಯಾಕಿಂಗ್, ಕೊರಿಯರ್, ತಾಣದ ಕಮಿಷನ್, ವಾಪಸ್ ಬರೋ ಮಾಲಿನ ಖರ್ಚು ಎಲ್ಲಾ ಹಿಡೀರಿ. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ‘ಅಗ್ಗ’ ಅಂತ ಮಾರಿದರೆ ಅದು ವ್ಯಾಪಾರ ಅಲ್ಲ.

ಈಗ ಗಡಿಯ ಪ್ರಶ್ನೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗೆ ಇರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಪ್ಯಾನ್ ತೋರಿಸಿ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಇ-ಕಾಮರ್ಸ್ ತಾಣಗಳಲ್ಲಿ ಮಾರಬಹುದು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಅಂದ್ರೆ ಕಬನೂರಿನ ಹುಡುಗಿ ರಾಜ್ಯದ ಇನ್ನೊಂದು ತುದಿಯ ನಾಗಪುರಕ್ಕೆ ಸೀರೆ ಕಳಿಸಬಹುದು, ಬೈಕ್ ಮ್ಯಾಲೆ ಹೋಗಿ ಬರುವಷ್ಟು ಹತ್ತಿರದ ನಿಪ್ಪಾಣಿಗೆ ಕಳಿಸೋ ಹಂಗಿಲ್ಲ! ಗಡಿ ತಾಲೂಕಿನವರಿಗೆ ಸಹಜ ಮಾರುಕಟ್ಟೆ ಅಂದ್ರೆ ಆಚೆ ಕಡೆಯ ಬೀಗರು, ಬಂಧುಗಳು, ನಮ್ಮ ಮಾತು ತಿಳಿಯುವ ಗಿರಾಕಿ. ಅವರನ್ನೇ ಈ ನಿಯಮ ಹೊರಗ ಇಟ್ಟೈತಿ. ಈ ಸಡಿಲಿಕೆ ರಾಜ್ಯದಾಚೆಯ ಮಾರಾಟಕ್ಕೂ ಬೇಕು ಅಂತ ನಾವು ಎರಡೂ ಕಡೆಯ ಜನಪ್ರತಿನಿಧಿಗಳನ್ನ ಕೇಳಬೇಕು.

ಅಲ್ಲೀತನಕ ಕೈಕಟ್ಟಿ ಕೂಡೋದು ಬೇಡ. ಜಿಎಸ್‌ಟಿ ನೋಂದಣಿಗೆ ಸರಕಾರಿ ಶುಲ್ಕ ಇಲ್ಲ. ರಿಟರ್ನ್ ಸಲ್ಲಿಸೋ ಕೆಲಸ ಮಾತ್ರ ತಪ್ಪೂದಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಸಂಘ ಮಾಡಿ, ಅದರ ಹೆಸರಲ್ಲಿ ಒಂದೇ ನೋಂದಣಿ ಮಾಡಿಸಿದರೆ ಆ ಭಾರ ಹಂಚಿ ಹೋಗತೈತಿ.

‘ಮಜೂರಿಗೆ ನೇಯೋ ಬಟ್ಟೆ ನಮ್ಮದೇ ಅಲ್ಲ, ಹೆಂಗ ಮಾರೋದು?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸೇಠ್ ಕೊಟ್ಟ ನೂಲಿನ ಬಟ್ಟೆ ಅವರದೇ. ಒಂದು ಬೀಮಿಗೆ ಸ್ವಂತ ನೂಲು ಹಾಕಲು ಬಂಡವಾಳ ಬೇಕು, ಒಂದು ಮನೆಗೆ ಅದು ಭಾರ. ಅದಕ್ಕೂ ಅದೇ ನಾಲ್ಕು ಮನೆ ಕೂಡಲಿ. ಎಲ್ಲಾ ಮಗ್ಗ ಬ್ಯಾಡ, ಒಂದು ಮಗ್ಗ ಸ್ವಂತ ನೂಲಿಗೆ ಓಡಲಿ. ಉಳಿದವು ಮಜೂರಿಗೇ ಓಡಲಿ.

ಶುರು ಮಾಡಲು ದೊಡ್ಡ ವೆಬ್‌ಸೈಟ್ ಬೇಕಾಗಿಲ್ಲ. ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಪುಕ್ಕಟೆ, 500 ಉತ್ಪನ್ನದ ತನಕ ಸೇರಿಸಬಹುದು. ಹೆಸರು, ಬೆಲೆ, ವಿವರಣೆ, ಕೋಡ್ ಎಲ್ಲಾ ಕನ್ನಡದಲ್ಲೇ ಬರೀಬಹುದು. ಗಡಹಿಂಗ್ಲಜ ಕಡೆಯವರು ಬೆಲ್ಲ, ಶೇಂಗಾ ಚಟ್ನಿ ಮಾರಿದರೂ ದಾರಿ ಇದೇ. ತಿನ್ನೋ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮರೀಬ್ಯಾಡ್ರಿ.

ಈ ಭಾನುವಾರ ಮನೆಯಾಗಿನ ಹಿರಿಯರನ್ನ ಬಾಜೂಕ ಕೂಡಿಸಿಕೊಂಡು ಒಂದೇ ಒಂದು ಉತ್ಪನ್ನ ಸೇರಿಸ್ರಿ. ಯಾವ ದಡಿಗೆ ಏನು ಹೆಸರು ಅನ್ನೋದು ಅವರಿಗೇ ಗೊತ್ತು. ನೇಯ್ದ ಊರು ಅನ್ನೋ ಜಾಗದಲ್ಲಿ ಮಾತ್ರ ಯಾರನ್ನೂ ಕೇಳಬ್ಯಾಡ್ರಿ. ಕಬನೂರ ಅಂತ ಬರೀರಿ.