ಅಭಯದಾನಕ್ಕೂ ಒಂದು ಪಟ್ಟಿಯೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಮೊದಲಿನ ಮೂರನ್ನು ಸಮಾಜವು ಯಥಾಶಕ್ತಿ ನಡೆಸಿಕೊಂಡು ಬಂದಿದೆ. ಪರ್ವದಿನಗಳಲ್ಲಿ ಅನ್ನಸಂತರ್ಪಣೆಗೆ ಕೊರತೆಯಿಲ್ಲ. ಔಷಧಾಲಯಗಳಿಗೆ ದೇಣಿಗೆ ಬರುತ್ತದೆ. ಗ್ರಂಥಪ್ರಕಟಣೆಗೆ ದಾನಿಗಳು ಮುಂದೆ ಬರುತ್ತಾರೆ. ನಾಲ್ಕನೆಯದಾದ ಅಭಯದಾನವೇ ಎಲ್ಲಕ್ಕೂ ಮಿಗಿಲೆಂದು ಪ್ರವಚನಗಳಲ್ಲಿ ಕೇಳುತ್ತೇವೆ. ಆದರೆ ಆಚರಣೆಯಲ್ಲಿ ಅದು ಕಸಾಯಿಖಾನೆಯಿಂದ ಬಿಡಿಸಿದ ದನಕ್ಕೆ, ಪಂಜರದಿಂದ ಬಿಟ್ಟ ಹಕ್ಕಿಗೆ ಸೀಮಿತವಾಗಿಬಿಟ್ಟಿದೆ. ಅದು ಸಣ್ಣ ಕಾರ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದು, ಮಗುವನ್ನು ಸೊಂಟಕ್ಕೇರಿಸಿಕೊಂಡು ಗಡಿಯ ಬಳಿ ಬಂದು ನಿಂತ ಮನುಷ್ಯಜೀವಿಗೂ ಅಭಯ ಬೇಕೆಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲವಲ್ಲ, ಅದೇಕೆ?

ಕೆಲವು ತಿಂಗಳ ಹಿಂದೆ ಸಾಗರದಲ್ಲಿ ನಡೆದ ಒಂದು ಸಮಾರಂಭದ ಊಟದ ಪಂಕ್ತಿಯಲ್ಲಿ ಈ ವಿಷಯ ಬಂತು. ವಿದ್ಯಾವಂತರೂ ಸಜ್ಜನರೂ ಆದ ಹಿರಿಯರೊಬ್ಬರು, “ಯುದ್ಧ ಹೂಡುವವರು ದೊಡ್ಡ ದೇಶದವರು. ಓಡಿಬಂದವರನ್ನು ಸಾಕುವ ಹೊಣೆಯೂ ಅವರದೇ ಆಗಲಿ. ನಮ್ಮಲ್ಲಿ ನಮ್ಮವರಿಗೇ ಜಾಗವಿಲ್ಲ” ಎಂದರು. ಸುತ್ತ ಕುಳಿತವರೆಲ್ಲ ತಲೆದೂಗಿದರು. ನಾನೂ ಸುಮ್ಮನಿದ್ದೆ. ಅಂದು ಆಡದೆ ನುಂಗಿಕೊಂಡ ಮಾತನ್ನು ಇಂದು ಈ ಪುಟಗಳಲ್ಲಿ ಆಡುತ್ತಿದ್ದೇನೆ. ಆ ಹಿರಿಯರು ಇದನ್ನು ಓದುವರೆಂಬ ಭರವಸೆ ನನಗಿದೆ. ಅವರು ಮುನಿಯದೆ ಉತ್ತರ ಬರೆದರೆ ಸಂತೋಷ.

ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಹೊಣೆ ಹೊರಬೇಕಾದವರು ಹೊರುತ್ತಿಲ್ಲವೆಂಬುದು ನಿಜ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 12 ಕೋಟಿ 30 ಲಕ್ಷಕ್ಕೂ ಹೆಚ್ಚು. ದೇಶದ ಗಡಿಯನ್ನೇ ದಾಟಿ ಹೋದವರಲ್ಲಿ ನೂರಕ್ಕೆ ಸುಮಾರು 73 ಮಂದಿಗೆ ಆಶ್ರಯ ಕೊಟ್ಟವು ಬಡ ಹಾಗೂ ಮಧ್ಯಮ ಆದಾಯದ ದೇಶಗಳು. ಸೂಡಾನಿನ ಯುದ್ಧದಿಂದ ಓಡಿದವರನ್ನು ಕಡುಬಡ ದೇಶವಾದ ಚಾಡ್ ಒಳಗೆ ಬಿಟ್ಟುಕೊಂಡಿತು. 2017ರಲ್ಲಿ ಬರ್ಮಾದಿಂದ ಅಟ್ಟಲ್ಪಟ್ಟ ಏಳು ಲಕ್ಷ ರೋಹಿಂಗ್ಯರನ್ನು ಬಾಂಗ್ಲಾದೇಶ ಸೇರಿಸಿಕೊಂಡಿತು. ಶ್ರೀಮಂತ ರಾಷ್ಟ್ರಗಳಲ್ಲಿ ಜರ್ಮನಿಯಂಥವು ದೊಡ್ಡ ಪಾಲು ಹೊತ್ತಿವೆ ಎಂಬುದನ್ನು ಮರೆಯಬಾರದು. ಆದರೆ ಅಂಥವು ಕೆಲವೇ. ಆದುದರಿಂದ “ಜಾಗವಿಲ್ಲ” ಎಂಬ ಮಾತನ್ನು ಆಡುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಚಾಡ್‌ಗೆ, ಬಾಂಗ್ಲಾದೇಶಕ್ಕೆ. ಅವು ಆ ಮಾತಾಡಿ ಬಾಗಿಲು ಹಾಕಿಕೊಳ್ಳಲಿಲ್ಲ.

ಉಳ್ಳವರು ಈ ಮಾತನ್ನು ಹಿಂದೆಯೂ ಆಡಿದ್ದಾರೆ. 1938ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾನ್ ಎಂಬಲ್ಲಿ 32 ರಾಷ್ಟ್ರಗಳು ಸೇರಿ ಹಿಟ್ಲರನ ಯೆಹೂದ್ಯರಿಗಾಗಿ ಮರುಗಿದವು. ಗಣನೀಯ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆಂದು ಮುಂದೆ ಬಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ. ಮರುವರ್ಷ ಒಂಬೈನೂರಕ್ಕೂ ಹೆಚ್ಚು ಯೆಹೂದ್ಯರನ್ನು ಹೊತ್ತ ‘ಸೇಂಟ್ ಲೂಯಿ’ ಹಡಗಿಗೆ ಕ್ಯೂಬಾ, ಅಮೆರಿಕ, ಕೆನಡಾಗಳು ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ಮರಳಿತು. ಅದರಲ್ಲಿದ್ದ 250ಕ್ಕೂ ಹೆಚ್ಚು ಮಂದಿ ಮುಂದೆ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಇತ್ತೀಚಿನ ಸಂಗತಿ ನೋಡಿ. ಯುದ್ಧದಿಂದ ಒಮ್ಮೆಲೇ ಬರುವವರಿಗೆ ತಾತ್ಕಾಲಿಕ ರಕ್ಷಣೆ ಕೊಡುವ ನಿಯಮವನ್ನು ಯುರೋಪು 2001ರಲ್ಲಿಯೇ ಮಾಡಿಕೊಂಡಿತ್ತು. 2015ರಲ್ಲಿ ಸಿರಿಯಾದವರು ಬಂದಾಗ ಆ ನಿಯಮ ಪೆಟ್ಟಿಗೆಯಿಂದ ಹೊರಬರಲಿಲ್ಲ. 2022ರ ಮಾರ್ಚಿಯಲ್ಲಿ ಯುಕ್ರೇನಿನವರು ಬಂದಾಗ ಕೆಲವೇ ದಿನಗಳಲ್ಲಿ ಹೊರಬಂತು. ಯುಕ್ರೇನಿನವರಿಗೆ ಕೊಟ್ಟದ್ದು ಸರಿಯೇ. ಸಿರಿಯಾದವರಿಗೆ ಏಕೆ ಕೊಡಲಿಲ್ಲ? ಇಬ್ಬರ ಮೇಲೆಯೂ ಬಿದ್ದದ್ದು ಬಾಂಬೇ ಅಲ್ಲವೆ?

ಇಷ್ಟು ಹೇಳಿ ಪರದೇಶದವರನ್ನು ಹಳಿದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮನೆಯ ಕಡೆಗೆ ತಿರುಗೋಣ.

ಈ ಸಮಾಜಕ್ಕೆ ಆಶ್ರಯವೆಂಬುದು ಕೇಳಿ ತಿಳಿದ ವಿಷಯವಲ್ಲ. ಹನ್ನೆರಡು ವರ್ಷಗಳ ಕ್ಷಾಮಕ್ಕೆ ಅಂಜಿ ಉತ್ತರದಿಂದ ಹೊರಟ ಮುನಿಸಂಘವು ಭದ್ರಬಾಹು ಸ್ವಾಮಿಗಳೊಂದಿಗೆ ಕಟವಪ್ರದ ಬೆಟ್ಟಕ್ಕೆ ಬಂದಿತೆಂಬುದು ನಮ್ಮ ಪರಂಪರೆ. ಹೊಸನಗರ ತಾಲ್ಲೂಕಿನ ಹೊಂಬುಜದ ಸ್ಥಳಪುರಾಣವಂತೂ ತಂದೆಯಿಂದಲೇ ಜೀವಭಯಕ್ಕೊಳಗಾದ ರಾಜಕುಮಾರನೊಬ್ಬನ ಪಲಾಯನದ ಕಥೆ. ಉತ್ತರ ಮಧುರೆಯಿಂದ ಪದ್ಮಾವತಿ ಅಮ್ಮನವರ ಬಿಂಬವನ್ನು ಹೊತ್ತು ಕುದುರೆಯ ಮೇಲೆ ಓಡಿಬಂದ ಜಿನದತ್ತರಾಯ ದಣಿದು ನಿಂತದ್ದು ಲಕ್ಕಿ ಗಿಡದ ನೆರಳಿನಲ್ಲಿ. ಅಂದು ಈ ಕಾಡಿನ ಜನ ಅವನ ಊರು, ಕುಲ, ಕಾಗದಪತ್ರ ವಿಚಾರಿಸಿ ಹಿಂದಕ್ಕೆ ಅಟ್ಟಿದ್ದರೆ ಇಂದು ನಾವು ಯಾವ ರಥೋತ್ಸವಕ್ಕೆ ಹೋಗುತ್ತಿದ್ದೆವು? ಹೊಂಬುಜಕ್ಕೆ ಹೋಗಿ ಕೈಮುಗಿಯುವ ನಾವು ಓಡಿಬಂದವನೊಬ್ಬನ ಪುಣ್ಯಕ್ಷೇತ್ರದಲ್ಲಿ ಕೈಮುಗಿಯುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಇದು ಪುರಾಣವಾಯಿತು ಎನ್ನುವವರಿಗೆ ಇತಿಹಾಸವೂ ಇದೇ ಸೀಮೆಯಲ್ಲಿದೆ. ಕೆಳದಿ ಅರಸರಿಗೆ ನೆಲೆ ತಪ್ಪುವುದೆಂದರೇನೆಂದು ಗೊತ್ತಿತ್ತು: 1637ರ ಸುಮಾರಿಗೆ ವಿಜಾಪುರದ ಸೈನ್ಯ ಇಕ್ಕೇರಿಯನ್ನು ಸೂರೆಗೊಂಡ ಬಳಿಕ ಅವರು ರಾಜಧಾನಿಯನ್ನೇ ಬಿದನೂರಿಗೆ ಒಯ್ಯಬೇಕಾಯಿತು. ಗೋವೆಯಲ್ಲಿ ಪೋರ್ಚುಗೀಸರ ಮತಪೀಡನೆಗೆ ನೊಂದ ಸಾರಸ್ವತರು ಅವರ ಕರಾವಳಿ ಸೀಮೆಗೆ ಬಂದು ನೆಲೆಸಿದರು. ಅದೇ ಗೋವೆಯಿಂದ ಕೊಂಕಣಿ ಕ್ರೈಸ್ತರೂ ಬಂದು ಅಲ್ಲಿಯೇ ಬೇಸಾಯಕ್ಕೆ ಇಳಿದರು. ಒಬ್ಬರು ಶಿಲುಬೆಗೆ ಅಂಜಿ ಬಂದವರು, ಇನ್ನೊಬ್ಬರು ಶಿಲುಬೆಯನ್ನು ಧರಿಸಿಯೇ ಬಂದವರು. ವೀರಶೈವ ಅರಸರ ನೆಲದಲ್ಲಿ ಇಬ್ಬರಿಗೂ ಎಡೆ ಸಿಕ್ಕಿತು.

ಇನ್ನು 1689ರ ಸಂಗತಿ. ಔರಂಗಜೇಬನು 1686ರಲ್ಲಿ ವಿಜಾಪುರವನ್ನು, 1687ರಲ್ಲಿ ಗೋಲ್ಕೊಂಡವನ್ನು ನುಂಗಿದ್ದ. 1689ರ ಮಾರ್ಚಿಯಲ್ಲಿ ಛತ್ರಪತಿ ಸಂಭಾಜಿಯನ್ನು ಕೊಲ್ಲಿಸಿದ್ದ. ಸಂಭಾಜಿಯ ತಮ್ಮ ರಾಜಾರಾಮ ಜಿಂಜಿಯ ಕಡೆಗೆ ಓಡುತ್ತ ಕೆಳದಿಯ ಸೀಮೆಗೆ ಬಂದಾಗ ಪಟ್ಟದಲ್ಲಿದ್ದವರು ರಾಣಿ ಚೆನ್ನಮ್ಮಾಜಿ. ದಕ್ಷಿಣದ ದೊಡ್ಡ ರಾಜ್ಯಗಳೇ ಮಣ್ಣು ಮುಕ್ಕಿರುವಾಗ ಮಲೆನಾಡಿನ ಈ ಸಣ್ಣ ರಾಜ್ಯ ಮೊಗಲ್ ಬಾದಶಹನ ಶತ್ರುವನ್ನು ಒಳಗೆ ಬಿಟ್ಟುಕೊಳ್ಳುವುದು ವಿವೇಕವೆ? ಅಷ್ಟೇ ಅಲ್ಲ, ಬಂದವನ ತಂದೆ ಶಿವಾಜಿ 1665ರಲ್ಲಿ ಕೆಳದಿಯ ಶ್ರೀಮಂತ ಬಂದರಾದ ಬಸರೂರನ್ನು ಕೊಳ್ಳೆಹೊಡೆದಿದ್ದ. “ಇವನು ನಮ್ಮವನಲ್ಲ, ಇವನ ತಂದೆ ನಮ್ಮನ್ನು ದೋಚಿದವನು” ಎಂದು ಹೇಳಲು ರಾಣಿಗೆ ಕಾರಣ ಬೇಕಾದಷ್ಟಿತ್ತು. ಹಾಗೆ ಹೇಳದೆ ಆಶ್ರಯವಿತ್ತು ಅವನನ್ನು ಸುರಕ್ಷಿತವಾಗಿ ಸಾಗಿಸಿದರು. ಮೊಗಲ್ ಸೈನ್ಯ ಏರಿಬಂತು, ಹೋರಾಟವಾಯಿತು, ಕೊನೆಗೆ ಸಂಧಿಯಾಯಿತು. ಸಂಧಿಯಲ್ಲಿ ರಾಣಿ ದಂಡ ತೆತ್ತರೆಂದು ಹೇಳುವ ಇತಿಹಾಸಕಾರರುಂಟು. ತೆತ್ತಿದ್ದರೆ ಅದರಿಂದ ಅವರ ಕೀರ್ತಿಗೆ ಕುಂದಿಲ್ಲ. ಅಭಯಕ್ಕೆ ಬೆಲೆಯುಂಟು, ಆ ಬೆಲೆಯನ್ನು ಕೊಟ್ಟವರು ಅವರು ಎಂದಷ್ಟೇ ಅದರ ಅರ್ಥ. ಇದರಲ್ಲಿ ರಾಜನೀತಿಯ ಲೆಕ್ಕಾಚಾರವೂ ಇದ್ದಿರಬಹುದೆಂದು ಕೆಲವರು ವಾದಿಸಬಹುದು. ಇರಲಿ. ಲೆಕ್ಕಾಚಾರ ಬಲ್ಲ ಎಷ್ಟೋ ಅರಸರು ಅಂದು ಬಾದಶಹನ ಕಡೆಗೇ ವಾಲಿದ್ದರು.

ಸ್ವತಂತ್ರ ಭಾರತವೂ ಈ ಪರಂಪರೆಯನ್ನು ಬಿಟ್ಟಿರಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಮ್ಮ ಗಡಿಗೆ ಹತ್ತಿರದ ಕೊಲ್ಲಾಪುರದ ವಳಿವಡೆಯಲ್ಲಿ ಪೋಲೆಂಡಿನ ಸುಮಾರು ಐದು ಸಾವಿರ ನಿರಾಶ್ರಿತರು ತಂಗಿದ್ದರು. 1959ರ ಬಳಿಕ ಬಂದ ಟಿಬೆಟಿನವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ನೆಲೆ ದೊರೆಯಿತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನರನ್ನು ಈ ಬಡ ದೇಶ ಉಣ್ಣಿಸಿತು. ಆಗ ಯಾರೂ ಬಂದವರ ಜಪಮಾಲೆ, ಜನಿವಾರ, ಟೋಪಿಗಳನ್ನು ಎಣಿಸಿ ಗಂಜಿ ಬಡಿಸಲಿಲ್ಲ.

ಇಷ್ಟೆಲ್ಲ ಮಾಡಿದ ದೇಶ ಮಾಡದೆ ಉಳಿಸಿದ ಕೆಲಸ ಒಂದಿದೆ. ನಿರಾಶ್ರಿತನೆಂದರೆ ಯಾರು, ಅವನಿಗೆ ಏನು ಸಲ್ಲಬೇಕು ಎಂಬುದನ್ನು ಹೇಳುವ ಕಾನೂನು ನಮ್ಮಲ್ಲಿಲ್ಲ. ನಿರಾಶ್ರಿತರ ಕುರಿತಾದ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಾವು ಸಹಿ ಹಾಕಿಲ್ಲ. 1946ರ ವಿದೇಶೀಯರ ಕಾಯಿದೆ ಹೋಗಿ 2025ರಲ್ಲಿ ಹೊಸ ಕಾಯಿದೆ ಬಂದರೂ ಅದರಲ್ಲಿಯೂ ನಿರಾಶ್ರಿತನಿಗೆ ಪ್ರತ್ಯೇಕ ಸ್ಥಾನವಿಲ್ಲ. ಜೀವಿಸುವ ಹಕ್ಕು ಪ್ರಜೆಗಳಿಗೆ ಮಾತ್ರವಲ್ಲ, ಈ ನೆಲದಲ್ಲಿರುವ ಪ್ರತಿ ವ್ಯಕ್ತಿಗೂ ಉಂಟೆಂದು ಚಕ್ಮಾ ಜನರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಅದನ್ನು ಬಿಟ್ಟರೆ ಉಳಿದುದೆಲ್ಲ ಆಳುವವರ ಆದೇಶ, ರಿಯಾಯಿತಿ. ಒಬ್ಬರಿಗೆ ಜಮೀನು, ಇನ್ನೊಬ್ಬರಿಗೆ ಶಿಬಿರ, ಮತ್ತೊಬ್ಬರಿಗೆ ಬಂಧನಗೃಹ. ಶ್ರೀಲಂಕಾದ ತಮಿಳರು 1983ರಿಂದ ಬರುತ್ತಿದ್ದಾರೆ. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇನ್ನೂ ತಮಿಳುನಾಡಿನ ಶಿಬಿರಗಳಲ್ಲಿಯೇ ಇದ್ದಾರೆ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಮಕ್ಕಳನ್ನು ಪಡೆದವರಿದ್ದಾರೆ.

ಕಾಗದವಿಲ್ಲದ ಆಶ್ರಯವೆಂದರೇನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧದಿಂದಲ್ಲ, ನೀರಿನಿಂದ ನೆಲೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿ ಕೊಳ್ಳದ ಊರುಗಳು ಮುಳುಗಿದವು. “ಅಲ್ಲಿ ಹೋಗಿ ಇರಿ” ಎಂದು ಕಾಡಿನ ನಡುವೆ ತೋರಿಸಿದ ನೆಲದಲ್ಲಿ ಕುಳಿತ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಬಗೆಹರಿದಿಲ್ಲ. ದೇಶಕ್ಕೆ ಬೆಳಕು ಕೊಟ್ಟ ಸ್ವಂತ ಪ್ರಜೆಗಳ ಗತಿಯೇ ಹೀಗಾದರೆ, ಓಟಿಲ್ಲದ ಪರಕೀಯನ ಗತಿಯೇನು? ಇದನ್ನು ಕಂಡು “ಮೊದಲು ನಮ್ಮವರು” ಎನ್ನುವವರಿಗೆ ನಾನು ಹೇಳುವುದಿಷ್ಟೆ: ನಮ್ಮವರ ಹಕ್ಕುಪತ್ರವನ್ನು ತಡೆಹಿಡಿದವರು ಯಾವ ನಿರಾಶ್ರಿತರೂ ಅಲ್ಲ.

ಈಗ ಎಲ್ಲಕ್ಕಿಂತ ಕಹಿಯಾದ ಮಾತು. 2019ರ ಪೌರತ್ವ ತಿದ್ದುಪಡಿ ಕಾಯಿದೆಯು ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಮತಗಳವರಿಗೆ ಪೌರತ್ವದ ಹಾದಿಯನ್ನು ಸುಗಮಗೊಳಿಸಿತು. ಆ ಆರರಲ್ಲಿ ಜೈನರ ಹೆಸರೂ ಇದೆ. ಅದನ್ನು ಕಂಡು ಹಿಗ್ಗಿದವರು ನಮ್ಮಲ್ಲಿ ಅನೇಕರು. ಪೀಡಿತನೊಬ್ಬನಿಗೆ ನೆಲೆ ಸಿಕ್ಕರೆ ಹಿಗ್ಗಬೇಕಾದುದೇ. ಆದರೆ ಪಟ್ಟಿಯಲ್ಲಿ ಇಲ್ಲದವರನ್ನೂ ನೋಡಬೇಡವೆ? ಶ್ರೀಲಂಕಾದ ತಮಿಳ ಹಿಂದುವಾದರೂ ಪಟ್ಟಿಯಲ್ಲಿಲ್ಲ. ದೇಶದ ಹೆಸರು ಬೇರೆ. ಟಿಬೆಟಿನವನು ಬೌದ್ಧನಾದರೂ ಇಲ್ಲ. ಬರ್ಮಾದ ರೋಹಿಂಗ್ಯನೂ ಇಲ್ಲ, ತನ್ನ ದೇಶದಲ್ಲಿಯೇ ಹಿಂಸೆಗೊಳಗಾದ ಆಫ್ಘನ್ ಹಜಾರಾ ಕೂಡ ಇಲ್ಲ. ಜೀವಭಯ ಎಲ್ಲರಿಗೂ ಒಂದೇ. ಸಕಲ ಜೀವಿಗಳಲ್ಲಿ ಏಕೇಂದ್ರಿಯಕ್ಕೂ ನೋವುಂಟೆಂದು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವ, ನೀರನ್ನು ಸೋಸಿ ಕುಡಿಯುವ ಧರ್ಮದವರು, ಪಂಚೇಂದ್ರಿಯಗಳುಳ್ಳ ಮನುಷ್ಯನ ಭಯವನ್ನು ಅಳೆಯುವಾಗ ಅವನ ಮತವನ್ನು ಕೇಳಬಹುದೆ? ಪಟ್ಟಿಯಲ್ಲಿ ನಮ್ಮ ಹೆಸರಿರುವುದರಿಂದಲೇ ಈ ಪ್ರಶ್ನೆ ಕೇಳುವ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ. ಹೆಸರಿಲ್ಲದವನು ಕೇಳಿದರೆ ಸ್ವಾರ್ಥವೆನ್ನುತ್ತಾರೆ. ನಾವು ಕೇಳಿದರೆ ಹಾಗೆನ್ನಲಾಗದು.

ದೇಶದ ಭದ್ರತೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನುಸುಳುವ ದ್ರೋಹಿಗಳಿರಬಹುದು. ಅದಕ್ಕಾಗಿಯೇ ಕಾನೂನು ಬೇಕು. ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರುವ ಮೊರವೇ ಕಾನೂನು. ಮೊರವಿಲ್ಲದ ಮನೆಯಲ್ಲಿ ಒಂದೋ ಎಲ್ಲವನ್ನೂ ಒಲೆಗೆ ಹಾಕಬೇಕು, ಇಲ್ಲವೇ ಎಲ್ಲವನ್ನೂ ಹೊರಗೆ ಚೆಲ್ಲಬೇಕು. ಇಂದು ಗೂಢಚಾರನೂ ಕೂಸನ್ನೆತ್ತಿಕೊಂಡ ತಾಯಿಯೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಬೇರ್ಪಡಿಸಿ ನೋಡುವ ವಿಧಾನವನ್ನು ನಾವು ಬರೆದಿಟ್ಟುಕೊಂಡಿಲ್ಲ.

ಆದುದರಿಂದ ಸಮಾಜದ ಮುಖಂಡರಲ್ಲಿ ನನ್ನ ಬಿನ್ನಹ ಎರಡು. ಮೊದಲನೆಯದು, ಮತ ಕುಲ ನೋಡದೆ, ಪ್ರಾಣಭಯವೊಂದನ್ನೇ ಅಳತೆಯಾಗಿಸಿಕೊಂಡ ನಿರಾಶ್ರಿತರ ಕಾನೂನು ಬೇಕೆಂದು ನಮ್ಮ ವಾರ್ಷಿಕ ಅಧಿವೇಶನದಲ್ಲಿ ನಿರ್ಣಯ ಕೈಗೊಂಡು ಸಂಸತ್ ಸದಸ್ಯರಿಗೆ ಕಳುಹಿಸುವುದು. ಜೈನರ ನಿರ್ಣಯವೊಂದರಿಂದ ದಿಲ್ಲಿ ಅಲುಗಾಡದೆಂದು ಬಲ್ಲೆ. ಆದರೂ ಮೌನವು ಸಮ್ಮತಿಯೆಂದು ದಾಖಲಾಗದಿರಲಿ. ಎರಡನೆಯದು, ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಒಂದೆರಡು ಸ್ಥಾನಗಳನ್ನಾದರೂ ನಿರಾಶ್ರಿತರ ಮಕ್ಕಳಿಗೆ ಮೀಸಲಿಡುವುದು. ಅದಕ್ಕೆ ಯಾವ ಕಾಯಿದೆಯನ್ನೂ ಕಾಯಬೇಕಾಗಿಲ್ಲ.

ಆ ಪಂಕ್ತಿಯಲ್ಲಿ ಕುಳಿತ ಹಿರಿಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. “ನಮ್ಮವರಿಗೇ ಜಾಗವಿಲ್ಲ” ಎಂದಿರಿ. ಅಂದು ಬಡಿಸುವವರು ಮೂರು ಸಲ ಬಂದು ಹೋಗಿದ್ದರು. ನಮ್ಮಿಬ್ಬರ ಎಲೆಯಲ್ಲಿಯೂ ಅನ್ನ ಉಳಿದಿತ್ತು. ಪಕ್ಕದಲ್ಲಿ ಎರಡು ಎಲೆಗಳು ಖಾಲಿ ಇದ್ದವು.