ಕೀಲಿಕೈ ಕೇಳಲು ಬಂದ ಕಳ್ಳ

ಕಳ್ಳತನವೆಂದರೆ ಬೀಗ ಒಡೆಯುವುದು, ಗೋಡೆಗೆ ಕನ್ನ ಹಾಕುವುದು ಎಂದು ಜನರು ತಿಳಿದಿದ್ದ ಕಾಲವೊಂದಿತ್ತು. ಅಂಥ ಕಳ್ಳರು ಈಗ ಇಲ್ಲವೆಂದಲ್ಲ. 2025ರ ಮೇ ತಿಂಗಳಿನಲ್ಲಿ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯಲ್ಲಿ ಬ್ಯಾಂಕೊಂದರಿಂದ 58 ಕಿಲೋಗ್ರಾಮಿಗೂ ಮಿಕ್ಕ ಚಿನ್ನ ಕಳುವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಚಡಚಣದಲ್ಲಿ, ಮುಸುಕುಧಾರಿಗಳು ಬ್ಯಾಂಕಿಗೆ ನುಗ್ಗಿ ಸಿಬ್ಬಂದಿಯನ್ನು ಕಟ್ಟಿಹಾಕಿ ನಗನಾಣ್ಯಗಳನ್ನು ದೋಚಿಕೊಂಡು ಹೋದರು. ಎರಡು ಸುದ್ದಿಗಳೂ ನಾಡಿನಲ್ಲೆಲ್ಲ ಹರಡಿದುವು. ಚಿನ್ನ ಅಡವಿಟ್ಟವರು ಬ್ಯಾಂಕಿನ ಬಾಗಿಲಿಗೆ ಧಾವಿಸಿ ಗಟ್ಟಿಯಾಗಿಯೇ ವಿಚಾರಿಸಿದರು. ಯಾರೂ ನಾಚಿಕೆಪಡಲಿಲ್ಲ, ಪಡಬೇಕಾಗಿಯೂ ಇರಲಿಲ್ಲ.

ಆದರೆ ಇನ್ನೊಂದು ಬಗೆಯ ಕಳ್ಳನಿದ್ದಾನೆ. ಅವನು ಬೀಗ ಮುಟ್ಟುವುದಿಲ್ಲ. ಸರಕಾರದ ಮುದ್ರೆಯನ್ನೋ ಬ್ಯಾಂಕಿನ ಗುರುತನ್ನೋ ಹಣೆಗೆ ಹಚ್ಚಿಕೊಂಡು ಬಂದು, ಅತಿ ವಿನಯದಿಂದ ಕೀಲಿಕೈಯನ್ನೇ ಕೇಳುತ್ತಾನೆ. ಮನೆಯ ಯಜಮಾನನೇ ಅದನ್ನು ಅವನ ಕೈಗೆ ಕೊಡುತ್ತಾನೆ. ಕಳುವಾದದ್ದು ತಿಳಿದ ಮೇಲೆ ಯಜಮಾನನು ಕೂಗಿಕೊಳ್ಳುವುದಿಲ್ಲ; ತಲೆ ತಗ್ಗಿಸಿ ಸುಮ್ಮನಿರುತ್ತಾನೆ. ಆ ಮೌನವೇ ಈ ಕಳ್ಳನ ನಿಜವಾದ ಬಂಡವಾಳ.

ಇಂಗ್ಲಿಷಿನಲ್ಲಿ ಈ ವಿದ್ಯೆಗೆ ‘ಫಿಶಿಂಗ್’ ಎಂದು ಹೆಸರು. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ, ಅಂತರಜಾಲದ ಚಂದಾದಾರರಿಂದ ಗುಪ್ತಪದಗಳನ್ನು ಕದಿಯುತ್ತಿದ್ದವರ ನಡುವೆ ಈ ಮಾತು ಹುಟ್ಟಿತು. ಮೀನು ಹಿಡಿಯುವುದಕ್ಕೆ ಇರುವ ಮಾತಿನ ಒಂದಕ್ಷರವನ್ನು ಬದಲಿಸಿ ಮಾಡಿಕೊಂಡ ಹೆಸರು ಅದು. ಎರೆ ಮೀನಿನ ಇಷ್ಟಕ್ಕೆ ತಕ್ಕಂತೆ ಇರಬೇಕಲ್ಲವೆ? ನಗರವಾಸಿಗೆ ವಿದ್ಯುತ್ ಬಿಲ್ಲಿನ ಬೆದರಿಕೆ, ತೆರಿಗೆಯ ಮರುಪಾವತಿಯ ಆಸೆ. ರೈತನಿಗೆ ನೀರಿನ ಆಸೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನೀರಿನ ಆಸೆಗಿಂತ ದೊಡ್ಡ ಆಸೆಯಿಲ್ಲ. ಅತ್ತ ಭೀಮೆ, ಇತ್ತ ಕೃಷ್ಣೆ ಹರಿಯುತ್ತಿದ್ದರೂ ಹೊಳೆ ಕಾಲುವೆಗಳಿಂದ ದೂರವಿರುವ ಹೊಲಕ್ಕೆ ಕೊಳವೆಬಾವಿಯೇ ಗತಿ. ಬಾವಿಗೆ ಪಂಪು, ಪಂಪಿಗೆ ವಿದ್ಯುತ್ತು. 2019ರಲ್ಲಿ ಕೇಂದ್ರ ಸರಕಾರವು ‘ಪಿ.ಎಂ. ಕುಸುಮ್’ ಎಂಬ ಯೋಜನೆಯನ್ನು ತಂದು, ಸೂರ್ಯನ ಬಿಸಿಲಿನಿಂದ ನಡೆಯುವ ಪಂಪುಗಳಿಗೆ ಸಹಾಯಧನ ಘೋಷಿಸಿತು. ಯೋಜನೆಯ ಹೆಸರು ಹಳ್ಳಿಹಳ್ಳಿಗೂ ಮುಟ್ಟುವ ಮುನ್ನವೇ ಅದೇ ಹೆಸರಿನ ಸುಳ್ಳು ಜಾಲತಾಣಗಳು ಹುಟ್ಟಿಕೊಂಡುವು. ಅವು ರೈತರಿಂದ ‘ನೋಂದಣಿ ಶುಲ್ಕ’ ವಸೂಲು ಮಾಡಿ, ವಿವರಗಳನ್ನೆಲ್ಲ ಬರೆಯಿಸಿಕೊಳ್ಳತೊಡಗಿದುವು. 2019ರ ಮಾರ್ಚ್ ತಿಂಗಳಿನಲ್ಲಿಯೇ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಯೋಜನೆಯನ್ನು ನಡೆಸುವವು ಆಯಾ ರಾಜ್ಯಗಳ ಸಂಸ್ಥೆಗಳು, ಸಚಿವಾಲಯವು ತನ್ನ ಯಾವ ಜಾಲತಾಣದಿಂದಲೂ ಫಲಾನುಭವಿಗಳನ್ನು ನೋಂದಾಯಿಸಿಕೊಳ್ಳುವುದಿಲ್ಲ ಎಂದು ಸಾರಿತು. ಆದರೂ 2020ರ ಜುಲೈಯಲ್ಲಿ ಹೊಸ ಹೆಸರುಗಳ ತಾಣಗಳು ಕಂಡುಬಂದು ಮತ್ತೆ ಎಚ್ಚರಿಸಬೇಕಾಯಿತು. ಆ ಮೇಲೆಯೂ ಹಲವು ಸಲ. ಒಂದು ಗಾಳ ಮುರಿದರೆ ಇನ್ನೊಂದು ನೀರಿಗೆ ಬೀಳುತ್ತಲೇ ಇದ್ದಿತು.

ಈ ಗಾಳ ಒಂದು ಮನೆಯೊಳಕ್ಕೆ ಹೇಗೆ ಬರುತ್ತದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಇಂಡಿಯ ಕಡೆ ನಾಲ್ಕೆಕರೆ ನಿಂಬೆಯ ತೋಟವುಳ್ಳ ಹಿರಿಯರೊಬ್ಬರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ದಿನ ಮಧ್ಯಾಹ್ನ ತಂದೆಯ ಫೋನು ಬರುತ್ತದೆ.

“ಅವ್ವಾ, ಫೋನ್‌ನಾಗ ನಲವತ್ತು ಸಾವಿರ ಒಮ್ಮೆಗೇ ಕಳಸಾಕ ಬರತೈತೇನು?”

“ಯಾರಿಗೆ ಅಪ್ಪಾ, ಅಷ್ಟು ರೊಕ್ಕ?”

“ಸರಕಾರದವರಿಗೆ. ಸೋಲಾರ್ ಪಂಪ್ ಮಂಜೂರ್ ಆಗೈತಿ. ಮುಂಜಾನೆ ಐದು ಸಾವಿರದ ಆರುನೂರು ನೋಂದಣಿ ಅಂತ ಕಟ್ಟೀನಿ. ಈಗ ಪಂಪ್ ಲಾರಿಗೆ ಹೇರ್ಯಾರಂತ, ಸಾಗಾಣಿಕಿ ಖರ್ಚು ಕೇಳಾಕತ್ತಾರ.”

ಮಗಳು ಅರೆಗಳಿಗೆ ಮಾತನಾಡಲಿಲ್ಲ. ತಂದೆಗೆ ಆ ಮೌನದಲ್ಲಿಯೇ ಎಲ್ಲವೂ ಅರ್ಥವಾಯಿತು.

“ಇರಲಿ ಬಿಡವ್ವಾ. ಹೋದದ್ದು ಹೋತು. ಊರಾಗ ಯಾರಿಗೂ ಹೇಳಬ್ಯಾಡ. ನಗತಾರ.”

“ಅಪ್ಪಾ, ಆ ಲಿಂಕ್ ನಿಮಗ ಯಾರು ಕಳಿಸಿದ್ರು? ನೀವು ಯಾರಿಗಾದ್ರೂ ಕಳಿಸೀರೇನು?”

ತಂದೆ ಬಹಳ ಹೊತ್ತಿನ ಮೇಲೆ ಹೇಳಿದರು. ಸಿಂದಗಿಯ ತಮ್ಮನಿಗೆ, ಮುದ್ದೇಬಿಹಾಳದ ಬೀಗರಿಗೆ, ಬಾಗೇವಾಡಿಗೆ ಕೊಟ್ಟ ಹಿರಿಯ ಮಗಳ ಮನೆಗೆ, ಎಲ್ಲರಿಗೂ ತಾವೇ ಕಳುಹಿಸಿದ್ದರು. ಒಳ್ಳೆಯದು ಬಂದರೆ ತಮ್ಮವರಿಗೂ ಬರಲೆಂದು.

ಪ್ರಶ್ನೆಯ ತಿರುಳಿರುವುದು ಇಲ್ಲಿಯೇ. ಐದು ಸಾವಿರದ ಆರುನೂರು ರೂಪಾಯಿಗಳ ಜೊತೆಗೆ ಆ ಹಿರಿಯರು ತಮಗರಿವಿಲ್ಲದೆ ತಮ್ಮ ಮಾತಿಗಿದ್ದ ಬೆಲೆಯನ್ನೂ ಕಳ್ಳನಿಗೆ ಕೊಟ್ಟಿದ್ದರು. ಅಪರಿಚಿತನ ಸಂದೇಶವನ್ನು ತಮ್ಮನು ನಂಬುತ್ತಿದ್ದನೋ ಇಲ್ಲವೋ. ಅಣ್ಣನು ಕಳುಹಿಸಿದ್ದನ್ನು ನಂಬದಿರುವುದುಂಟೆ? ಈಗ ಅವರು ನಾಚಿ ಸುಮ್ಮನಾದರೆ ಕಳ್ಳನು ಮೂರು ಮನೆಗಳನ್ನು ಹೊಗುತ್ತಾನೆ. ಆದುದರಿಂದ ಇಂಥ ತಾಣವನ್ನು ಪರೀಕ್ಷಿಸುವುದೂ ಅದರ ಮೇಲೆ ದೂರು ಕೊಡುವುದೂ ಕಳೆದುಕೊಂಡ ಹಣಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ. ನೆರೆಹೊರೆಯವರ ಹಣಕ್ಕಾಗಿ ಮಾಡುವ ಕೆಲಸ.

ಪರೀಕ್ಷೆಯನ್ನು ಹೊರಗೆ ನಿಂತೇ ಮಾಡತಕ್ಕದ್ದು. ಹಾವಿನ ಹುತ್ತವೆಂದು ತಿಳಿಯಲು ಕೈ ಹಾಕಿ ನೋಡಬೇಕಾಗಿಲ್ಲ. ಲಿಂಕಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ, ಅದನ್ನು ತೆರೆಯದೆಯೇ ವಿಳಾಸವನ್ನು ನಕಲು ಮಾಡಿಕೊಳ್ಳಲು ಬರುತ್ತದೆ. ಕಳ್ಳನಿಗೆ ಚೇಷ್ಟೆ ಮಾಡೋಣವೆಂದು ಸುಳ್ಳು ವಿವರ ತುಂಬುವುದಾಗಲಿ, ಅವನು ಕೊಟ್ಟ ‘ಆ್ಯಪ್’ ಇಳಿಸಿಕೊಳ್ಳುವುದಾಗಲಿ ಜಾಣತನವಲ್ಲ. ಫೋನಿಗೆ ಒಮ್ಮೆ ಇಳಿದ ಆ್ಯಪು ಬ್ಯಾಂಕಿನಿಂದ ಬರುವ ಗುಪ್ತಸಂಖ್ಯೆಗಳನ್ನೂ ಓದಬಲ್ಲದು.

ಮೊದಲು ವಿಳಾಸವನ್ನು ಓದಬೇಕು, ಅದೂ ಹಿಂದಿನಿಂದ ಮುಂದಕ್ಕೆ. ಕಾಗದದ ಮೇಲೆ ‘ಬಾಗೇವಾಡಿ’ ಎಂದಷ್ಟೇ ಬರೆದರೆ ಅದು ಬಸವಣ್ಣನವರು ಹುಟ್ಟಿದ ಬಾಗೇವಾಡಿಗೆ ಹೋದೀತೋ, ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಗೆ ಹೋದೀತೋ ಹೇಳುವಂತಿಲ್ಲ. ಕೊನೆಯಲ್ಲಿರುವ ಜಿಲ್ಲೆಯ ಹೆಸರೇ ನಿರ್ಣಯಿಸುತ್ತದೆ. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆಗೆ ಹಿಂದಿರುವ ಕಡೆಯ ಎರಡು ಮೂರು ತುಂಡುಗಳೇ ಒಡೆಯನ ಗುರುತು. ಅದಕ್ಕೆ ಮುಂಚೆ ಕುಸುಮ್, ಕಿಸಾನ್, ಪ್ರಧಾನಮಂತ್ರಿ ಎಂದು ಎಷ್ಟು ಹೆಸರು ಪೋಣಿಸಿದ್ದರೂ ಬೆಲೆಯಿಲ್ಲ. ಕಣ್ಣಿಗೆ ಮೋಸಮಾಡುವ ಅಕ್ಷರಗಳೂ ಉಂಟು: ಇಂಗ್ಲಿಷಿನ ‘ಆರ್’ ‘ಎನ್’ಗಳನ್ನು ಒತ್ತಾಗಿ ಬರೆದರೆ ‘ಎಂ’ನಂತೆ ಕಾಣುತ್ತದೆ, ‘ಓ’ ಎಂಬುದರ ಸ್ಥಳದಲ್ಲಿ ಸೊನ್ನೆ ಕುಳಿತಿರುತ್ತದೆ.

‘ಗವ್.ಇನ್’ ಎಂದು ಮುಗಿಯುವ ಹೆಸರು ಸರಕಾರಿ ಸಂಸ್ಥೆಗಳಿಗೆ ಮೀಸಲಾದದ್ದು. ಬ್ಯಾಂಕುಗಳಿಗೂ ಇಂಥ ಒಂದು ಮೀಸಲು ಕೇರಿ ಇರಲೆಂದು ರಿಸರ್ವ್ ಬ್ಯಾಂಕು 2025ರಲ್ಲಿ ‘ಬ್ಯಾಂಕ್.ಇನ್’ ಎಂಬ ಹೆಸರನ್ನು ಗೊತ್ತುಮಾಡಿ, ಅದೇ ವರ್ಷದ ಅಕ್ಟೋಬರ್ 31ರೊಳಗೆ ಅಲ್ಲಿಗೆ ಬರಬೇಕೆಂದು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಆದರೆ ಈ ಸೂತ್ರವೊಂದೇ ಸಾಲದು. ಕುಸುಮ್ ಪಂಪುಗಳಿಗಾಗಿ ಕರ್ನಾಟಕದ ರೈತರಿಗೆ 2024ರಲ್ಲಿ ಸೂಚಿಸಲಾದ ನಿಜವಾದ ತಾಣ ‘ಸೌರಮಿತ್ರ’ದ ಹೆಸರು ‘ಕಾಮ್’ ಎಂದೇ ಮುಗಿಯುತ್ತಿತ್ತು! ಆದುದರಿಂದ ಸಂದೇಹ ಬಂದಾಗ ಸಂದೇಶದಲ್ಲಿರುವ ನಂಬರಿಗೆ ಕರೆಮಾಡದೆ, ಬೇರೆ ಬಾಗಿಲಿನಿಂದ ವಿಚಾರಿಸಬೇಕು. ಹೆಸ್ಕಾಂ ಕಚೇರಿ ತಾಲೂಕಿನಲ್ಲಿಯೇ ಇದೆ. ರೈತ ಸಂಪರ್ಕ ಕೇಂದ್ರ ಹೋಬಳಿಯಲ್ಲಿದೆ. ಕುಸುಮ್ ಯೋಜನೆಗೆಂದು ಸಚಿವಾಲಯವು ಪ್ರಕಟಿಸಿದ ಶುಲ್ಕರಹಿತ ದೂರವಾಣಿ 1800-180-3333.

ವಿಳಾಸದ ಬದಿಯಲ್ಲಿ ಕಾಣುವ ಚಿಕ್ಕ ಬೀಗದ ಚಿತ್ರವನ್ನು ನೋಡಿ ಅನೇಕರು ಸಮಾಧಾನ ಪಟ್ಟುಕೊಳ್ಳುವುದುಂಟು. ಬರೆದ ವಿವರವನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ದಾರಿಯ ಕೊನೆಯಲ್ಲಿ ಕುಳಿತವನು ಸಾಧುವೋ ಕಳ್ಳನೋ ಎಂಬುದನ್ನು ಅದು ಹೇಳದು. ಇನ್ನು ‘ಹೂ ಈಸ್’ ಎಂಬ ಶೋಧನೆಯಿಂದ ಒಂದು ಹೆಸರು ಯಾವ ದಿನ ನೋಂದಾಯಿತೆಂಬುದನ್ನು ಯಾರು ಬೇಕಾದರೂ ನೋಡಬಹುದು. 2019ರ ಯೋಜನೆಯ ಅಧಿಕೃತ ತಾಣವೆಂದು ಹೇಳಿಕೊಳ್ಳುವ ಹೆಸರು ಹತ್ತು ದಿನಗಳ ಹಿಂದೆ ಹುಟ್ಟಿದ್ದಾದರೆ, ಬೇರೆ ಸಾಕ್ಷಿ ಏಕೆ ಬೇಕು?

ಹಣ ಹೋಗಿದ್ದರೆ ಮಾತ್ರ ಪರೀಕ್ಷೆಗೆ ಕೂಡಬಾರದು, ಮೊದಲು ದೂರು. 1930 ಎಂಬ ಸಂಖ್ಯೆಗೆ ಕರೆಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೂರು ದಾಖಲಾದೊಡನೆ ಸಂಬಂಧಪಟ್ಟ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಕಳ್ಳನ ಖಾತೆಯಲ್ಲಿದ್ದರೆ ಅಲ್ಲಿಯೇ ತಡೆಯುತ್ತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಅದರ ಬೆನ್ನು ಹತ್ತುತ್ತದೆ. ಎಲ್ಲಿಯೋ ಒಂದೆಡೆ ನಗದಾಗಿ ಕೈಸೇರಿತೆಂದರೆ ಬೆನ್ನಟ್ಟುವುದು ಕಷ್ಟ. ಈ ಓಟದಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯುಂಟು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೂ ಇದನ್ನೇ ಎತ್ತಿ ಹೇಳಿತು. ಗ್ರಾಹಕನು ತಾನೇ ಗುಪ್ತಸಂಖ್ಯೆಯನ್ನು ಕೊಟ್ಟಂಥ ಅಜಾಗರೂಕತೆಯ ಪ್ರಸಂಗದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಪ್ಪು ಅವನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಪ್ರಸಂಗದಲ್ಲಿ ಬ್ಯಾಂಕಿನ ಸೂಚನೆ ಕೈಸೇರಿದ ಮೂರು ಕೆಲಸದ ದಿನಗಳೊಳಗೆ ದೂರಿದರೆ ನಷ್ಟವೇ ಇಲ್ಲ. ತಡವಾದಂತೆ ಹೊರೆ ಹೆಚ್ಚು. ನಾಚಿಕೆಗೆ ಇಷ್ಟು ದುಬಾರಿ ಬೆಲೆ ತೆರಬೇಕಾದ ಸಂದರ್ಭ ಬೇರೊಂದಿರಲಾರದು.

ದೂರಿಗೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ತಾಣದ ಪೂರ್ಣ ವಿಳಾಸ, ಅದು ಬಂದ ಸಂದೇಶ, ಕರೆಮಾಡಿದ ನಂಬರು, ದಿನಾಂಕ, ವೇಳೆ, ಹಣ ಪಡೆದ ಖಾತೆ ಅಥವಾ ಯು.ಪಿ.ಐ. ಹೆಸರು, ಬ್ಯಾಂಕು ಕೊಟ್ಟ ವ್ಯವಹಾರ ಸಂಖ್ಯೆ, ಪರದೆಯ ಚಿತ್ರಗಳು. ಸಿಟ್ಟಿನಲ್ಲಿ ಸಂದೇಶ ಅಳಿಸಿಹಾಕುವವರು ಕಳ್ಳನ ಹೆಜ್ಜೆಗುರುತನ್ನು ತಾವೇ ಗುಡಿಸಿದಂತೆ. ಇವೆಲ್ಲವನ್ನೂ ‘ಸೈಬರ್‌ಕ್ರೈಂ.ಗವ್.ಇನ್’ ಎಂಬ ರಾಷ್ಟ್ರೀಯ ತಾಣದಲ್ಲಿ ಸಲ್ಲಿಸಬಹುದು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಈಗ ವಿಜಯಪುರದಲ್ಲಿಯೂ ಇಂಥ ಅಪರಾಧಗಳಿಗೆಂದು ಸಿ.ಇ.ಎನ್. ಠಾಣೆಯಿದೆ. ಪರರ ಸೋಗು ಹಾಕಿ ಗಣಕಯಂತ್ರದ ಮೂಲಕ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮು ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ.

ಹಣ ಕಳೆದುಕೊಳ್ಳದವನೂ ದೂರು ಕೊಡಬಹುದು, ಕೊಡಬೇಕು. ಸಂದೇಹದ ಸಂದೇಶವನ್ನು ‘ಸಂಚಾರ ಸಾಥಿ’ ತಾಣದಲ್ಲಿ 2024ರಲ್ಲಿ ಆರಂಭವಾದ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. ತಾಣದ ವಿಳಾಸವನ್ನು ಗೂಗಲ್‌ನ ಸುರಕ್ಷಾ ವಿಭಾಗಕ್ಕೆ ಕಳುಹಿಸಿದರೆ, ಅವರು ಪರಿಶೀಲಿಸಿ ಮೋಸವೆಂದು ಕಂಡಲ್ಲಿ, ಮುಂದೆ ಅದನ್ನು ತೆರೆಯಹೋದವರ ಎದುರಿಗೆ ಕೆಂಪು ಎಚ್ಚರಿಕೆಯ ಪುಟ ಬರುತ್ತದೆ. ಕುಸಿದ ಸೇತುವೆಯ ಮುಂದೆ ಯಾರೋ ಪುಣ್ಯಾತ್ಮರು ಮುಳ್ಳಿನ ಕೊಂಬೆ ಎಳೆದಿಟ್ಟು ಹೋದಂತೆ.

ಆ ದಿನ ಮಧ್ಯಾಹ್ನ ಇಂಡಿಯ ಮನೆಯಲ್ಲಿ ಏನಾಗಬೇಕು? ಮಗಳು ಬೆಂಗಳೂರಿನಿಂದ, “ನೀವು ಓದಿದವರಲ್ಲ, ನಿಮಗೇಕೆ ಇದೆಲ್ಲ?” ಎಂದು ಗದರಿಸಿದಳಾದರೆ ತಂದೆ ಮುಂದಿನ ಸಲ ಅವಳಿಗೂ ಹೇಳುವುದಿಲ್ಲ. ಓದಿದವರೂ ಇದೇ ಗಾಳಕ್ಕೆ ಸಿಕ್ಕಿದ್ದಾರೆಂಬುದನ್ನು ಅವಳು ನೆನೆಯಬೇಕು. ಜಾಣ ಮಗಳಾದರೆ ಹೀಗೆನ್ನುತ್ತಾಳೆ:

“ಅಪ್ಪಾ, ತಪ್ಪು ಕದ್ದವಂದು, ನಿಮ್ಮದಲ್ಲ. ಮೊದಲು 1930ಕ್ಕ ಹಚ್ಚಿರಿ, ನಾನೂ ಲೈನಿನಾಗ ಇರತೀನಿ. ಆಮ್ಯಾಗ ಕಾಕಾಗ, ಬೀಗರಿಗೆ, ಅಕ್ಕಗ ನೀವೇ ಫೋನ್ ಮಾಡಿರಿ. ನಾ ಹೇಳಿದ್ರ ಅರ್ಧ ನಂಬತಾರ. ನೀವು ಹೇಳಿದ್ರ ಪೂರಾ ನಂಬತಾರ.”

ಐದು ಸಾವಿರದ ಆರುನೂರು ರೂಪಾಯಿ ಮರಳಿ ಬಂದೀತೆ? ಬಂದರೂ ಬರಬಹುದು, ಬಾರದೆಯೂ ಹೋಗಬಹುದು. ಆದರೆ ಸಿಂದಗಿಯ ತಮ್ಮನು ಹಣ ಕಟ್ಟಲೆಂದು ಫೋನನ್ನು ಕೈಗೆತ್ತಿಕೊಂಡ ಹೊತ್ತಿಗೇ ಅದರಲ್ಲಿ ಅಣ್ಣನ ಕರೆ ಬಂದರೆ, ಬೆಳಿಗ್ಗೆ ಕಳ್ಳನ ಪಾಲಾಗಿದ್ದ ಆ ಹಿರಿಯರ ಮಾತಿನ ಬೆಲೆ ಸಾಯಂಕಾಲಕ್ಕೆ ಅವರಿಗೇ ಮರಳಿ ಬಂದಂತಾಯಿತು.